ಕೊನೆಯ ಗುಟುಕು ಕೊಟ್ಟವರು

"ಗುರುಗಳೇ, ಒಂದು ಊರಿಗೆ ಊರೇ ಸೇರಿ ಒಬ್ಬರನ್ನು ಕೊಲೆಗಾರರು ಎಂದರೆ, ಅದನ್ನು ನಂಬಬೇಕೋ ಬೇಡವೋ?" ಎಂದು ಶಿಷ್ಯ ಕೇಳಿದ.

ಅವನು ಪಕ್ಕದ ಪಟ್ಟಣಕ್ಕೆ ಹೋಗಿ ಬಂದಿದ್ದ. ಅಲ್ಲಿ ಆಸ್ಪತ್ರೆಯ ದಾದಿಯೊಬ್ಬಳ ಮೇಲೆ ರೋಗಿಗಳನ್ನು ಕೊಂದ ಆರೋಪ ಬಂದು ವಿಚಾರಣೆ ನಡೆಯುತ್ತಿತ್ತು. ಶಿಷ್ಯ ನ್ಯಾಯಾಲಯದ ಹೊರಗೆ ಗುಂಪಿನಲ್ಲಿ ನಿಂತಿದ್ದ. ಒಳಗೆ ಏನು ನಡೆಯಿತೆಂದು ಅವನಿಗೆ ತಿಳಿಯಲಿಲ್ಲ. ಹೊರಗೆ ಯಾರಿಗೂ ಸಂಶಯವಿರಲಿಲ್ಲ.

"ನೀನು ಏನು ಮಾಡಿದೆ?" ಎಂದು ಗುರುಗಳು ಕೇಳಿದರು.

"ನಾನೂ ಸ್ವಲ್ಪ ಕೂಗಿದೆ" ಎಂದ ಶಿಷ್ಯ. "ಎಲ್ಲರೂ ಕೂಗುತ್ತಿದ್ದರು."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಅಲ್ಲಿ ಒಬ್ಬ ವೈದ್ಯನೂ ಒಬ್ಬ ದಾದಿಯೂ ಇದ್ದರು. ವೈದ್ಯ ಬೆಳಿಗ್ಗೆ ಬಂದು, ನಾಡಿ ನೋಡಿ, ಔಷಧ ಹೇಳಿ ಹೋಗುತ್ತಿದ್ದ. ಉಳಿದದ್ದೆಲ್ಲ ದಾದಿಯ ಕೆಲಸ. ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬೈಯುವುದು. ಅವಳ ಬಾಯಿ ಒರಟು. ಜ್ವರದವನಿಗೆ ಬಜ್ಜಿ ತಂದ ನೆಂಟರನ್ನು ಬಾಗಿಲಲ್ಲೇ ತಡೆದು, "ಇದನ್ನು ತಿನ್ನಿಸಿ ಮನೆಗೇ ಕರೆದುಕೊಂಡು ಹೋಗಿ, ನನಗೂ ಒಂದು ಹಾಸಿಗೆ ಕಡಿಮೆಯಾಗುತ್ತದೆ" ಎನ್ನುತ್ತಿದ್ದಳು. ಕಸಿದುಕೊಂಡ ಬಜ್ಜಿಯನ್ನು ಅವಳೇ ತಿನ್ನುತ್ತಾಳೆ ಎಂದು ಜನ ಹೇಳುತ್ತಿದ್ದರು. ಅದು ಸುಳ್ಳಲ್ಲ.

ಸಾಯುವವರ ಬಾಯಿಗೆ ಕೊನೆಯ ಗುಟುಕು ನೀರನ್ನು ಮಗ ಬಿಡಬೇಕು ಎಂಬುದು ಆ ಊರಿನ ಪದ್ಧತಿ. ಊರಿನ ಗಂಡಸರು ಈ ಪದ್ಧತಿಯನ್ನು ಬಹಳ ಗೌರವಿಸುತ್ತಿದ್ದರು. ಆದರೆ ಆ ಗಳಿಗೆ ಹತ್ತಿರವಾದಾಗ ಅವರಿಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಒಬ್ಬನಿಗೆ ಎಮ್ಮೆಗೆ ಹುಲ್ಲು ಹಾಕಿಲ್ಲವೆಂದು ನೆನಪಾಗುತ್ತಿತ್ತು. ಇನ್ನೊಬ್ಬನಿಗೆ, ಉಸಿರು ಇನ್ನೂ ಆಡುತ್ತಿರುವಾಗಲೇ, ಪುರೋಹಿತರಿಗೆ ಹೇಳಿ ಬರಬೇಕೆನ್ನಿಸುತ್ತಿತ್ತು. "ಅಕ್ಕಾ, ಸ್ವಲ್ಪ ಕೂತಿರು, ಈಗ ಬಂದೆ" ಎಂದು ಹೊರಟುಬಿಡುತ್ತಿದ್ದರು. ಬಹಳ ಮಂದಿ ಆಸ್ಪತ್ರೆಯ ಜಗಲಿಗಿಂತ ದೂರ ಹೋಗುತ್ತಿರಲಿಲ್ಲ. ದಾದಿ ಹಾಸಿಗೆಯ ಬಳಿ ಕೂರುತ್ತಿದ್ದಳು. ನೀರು ಬಿಡುತ್ತಿದ್ದಳು. ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಮಗ ಒಳಗೆ ಬಂದು ಅಳುತ್ತಿದ್ದ.

ತಿಥಿಯ ದಿನ ಅದೇ ಮಗ ನೆಂಟರ ಮುಂದೆ, "ನನ್ನ ಕೈಯಾರೆ ನೀರು ಬಿಟ್ಟೆ, ನನ್ನ ತೊಡೆಯ ಮೇಲೆಯೇ ಪ್ರಾಣ ಹೋಯಿತು" ಎನ್ನುತ್ತಿದ್ದ. ದಾದಿ ಎಂದೂ ಅದನ್ನು ತಿದ್ದಿದವಳಲ್ಲ. ಅವಳನ್ನು ತಿಥಿಯ ಊಟಕ್ಕೆ ಯಾರೂ ಕರೆಯುತ್ತಿರಲಿಲ್ಲವಾದ್ದರಿಂದ ಅವಳ ಕಿವಿಗೆ ಅದು ಬೀಳುತ್ತಲೂ ಇರಲಿಲ್ಲ.

ಒಂದು ವರ್ಷ ಊರಿಗೆ ಕೆಟ್ಟ ಜ್ವರ ಬಂತು. ಆಸ್ಪತ್ರೆಯಲ್ಲಿ ಅನೇಕರು ಸತ್ತರು. ಆಗ ಅರಳಿಕಟ್ಟೆಯ ಮೇಲೆ ಕೂತವನೊಬ್ಬ ಹೇಳಿದ: "ನೋಡಿದಿರೋ ಇಲ್ಲವೋ, ಯಾರು ಸತ್ತರೂ ಪಕ್ಕದಲ್ಲಿ ಅವಳೇ ಇರುತ್ತಾಳೆ."

ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಈಗ ಎಲ್ಲರೂ ನೋಡಿದರು. ಸಂಜೆಯ ಹೊತ್ತಿಗೆ, ಅವಳು ಕೊನೆಯ ನೀರಿನಲ್ಲಿ ಏನೋ ಬೆರೆಸುತ್ತಾಳೆ ಎಂಬ ಮಾತು ಊರಿನ ಆ ತುದಿಯನ್ನು ಮುಟ್ಟಿತು. ಮರುದಿನ ಬೆಳಿಗ್ಗೆ ಈ ತುದಿಗೆ ಹಿಂತಿರುಗುವಾಗ ಅದಕ್ಕೆ ಒಂದು ವಿಷದ ಬೇರಿನ ಹೆಸರೂ ಸೇರಿತ್ತು.

ಮೊದಲು ದೂರು ಕೊಟ್ಟವನು ಒಬ್ಬ ಬಟ್ಟೆ ವ್ಯಾಪಾರಿ. ಅವನ ತಂದೆ ಆ ಜ್ವರದಲ್ಲಿ ಹೋಗಿದ್ದ. ತಂದೆಯ ಉಸಿರು ಏರುಪೇರಾದಾಗ ವ್ಯಾಪಾರಿ, ಅಂಗಡಿಗೆ ಬೀಗ ಹಾಕಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಹೋಗಿದ್ದ. ಬೀಗ ಹಾಕಿತ್ತು. ಹಿಂತಿರುಗಿ ಬಂದಾಗ ತಂದೆ ಇರಲಿಲ್ಲ. ಅಂದಿನಿಂದ ಅವನನ್ನು ಒಂದು ಯೋಚನೆ ಬಿಡಲಿಲ್ಲ. ತಂದೆ ಆ ಹೊತ್ತಿನಲ್ಲಿ ತನ್ನ ಹೆಸರು ಹಿಡಿದು ಕರೆದಿದ್ದರೆ? ದಾದಿಯನ್ನು ಕೇಳಿದರೆ ತಿಳಿಯುತ್ತಿತ್ತು. ತಿಳಿದುಬಿಡುತ್ತದೆ ಎಂದೇ ಅವನು ಕೇಳಲಿಲ್ಲ. ಊಟ ಸೇರದೆ ಸೊರಗಿದ. ತಂದೆ ಕರೆದಿರಬಹುದು ಎನ್ನುವುದಕ್ಕಿಂತ, ಅವಳು ವಿಷ ಕೊಟ್ಟಿರಬಹುದು ಎನ್ನುವುದು ಅವನ ಎದೆಗೆ ಹಗುರವಾಗಿತ್ತು. ವಿಷದ ಮಾತು ಕೇಳಿದ ದಿನ ಅವನು ಎರಡು ಮುದ್ದೆ ಉಂಡ.

ಅವನ ಹಿಂದೆ ಉಳಿದವರು ಬಂದರು. ರೋಗಿಯನ್ನು ತಡವಾಗಿ ಕರೆತಂದವರು ಬಂದರು. ಔಷಧ ತರಲು ಮರೆತವರು ಬಂದರು. ದಾದಿ ಆ ಊರಿಗೆ ಕಾಲಿಡುವ ಮೊದಲೇ ಸತ್ತವಳೊಬ್ಬಳ ಮನೆಯವರೂ ಬಂದರು. ಅದು ಹೇಗೆ ಎಂದು ಕೇಳಿದರೆ, "ಹೇಗೂ ಬರುವವಳೇ ಇದ್ದಳಲ್ಲ" ಎಂದರು.

ದಾದಿಯನ್ನು ಸೆರೆಯಲ್ಲಿಟ್ಟರು. ಊರಿಗೆ ನಿರಾಳವಾಯಿತು. ಜನ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿ ಮನೆಯಲ್ಲೇ ಸಾಯತೊಡಗಿದರು. ಆ ಅವಧಿಯಲ್ಲಿ ಆಸ್ಪತ್ರೆಯಲ್ಲಿ ಒಂದೇ ಒಂದು ಸಾವೂ ಆಗಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಊರಿನವರು ಒಬ್ಬರನ್ನೊಬ್ಬರು ಕೇಳಿಕೊಂಡರು.

ರಾಜಧಾನಿಯಿಂದ ನ್ಯಾಯಾಧಿಕಾರಿ ಬಂದ. ವಯಸ್ಸಾದವನು, ಪ್ರಯಾಣದಲ್ಲಿ ನೆಗಡಿ ಹಿಡಿದಿತ್ತು. ಅವನ ಕೈಯಲ್ಲಿದ್ದ ಕಾನೂನು ಚಿಕ್ಕದು. ಅಪರಾಧ ಸಾಬೀತಾದರೆ ಗಲ್ಲು, ಆಗದಿದ್ದರೆ ಬಿಡುಗಡೆ. ನಡುವೆ ಏನೂ ಇರಲಿಲ್ಲ. ವಿಚಾರಣೆ ಊರ ಚಾವಡಿಯಲ್ಲಿ ನಡೆಯಿತು. ಜಾಗ ಹಿಡಿಯಲು ಜನ ಬೆಳಗಾಗುತ್ತಲೇ ಬಂದು ಕೂತರು. ಕಡಲೆಕಾಯಿ ಮಾರುವವನು ಎರಡು ಬುಟ್ಟಿ ತಂದ.

ನ್ಯಾಯಾಧಿಕಾರಿ ದಾದಿಯನ್ನು ಕೇಳಿದ: "ಇವರೆಲ್ಲ ಸಾಯುವಾಗ ನೀನು ಹತ್ತಿರ ಇದ್ದೆಯಾ?"

"ಇದ್ದೆ."

"ಕೊನೆಯ ನೀರು ಕೊಟ್ಟವಳು ನೀನೇ?"

"ನಾನೇ."

"ಬೇರೆ ಯಾರಿದ್ದರು?"

"ಯಾರೂ ಇರಲಿಲ್ಲ ಸ್ವಾಮಿ" ಎಂದಳು ದಾದಿ. "ಮಕ್ಕಳೆಲ್ಲ ಹೊರಗೆ ಜಗಲಿಯ ಮೇಲೆ ಇದ್ದರು. ಈ ಸಾಹುಕಾರರು ಜಗಲಿಯ ಮೇಲೂ ಇರಲಿಲ್ಲ."

ಅವಳು ತನ್ನ ಗಲ್ಲಿನ ಹಗ್ಗವನ್ನು ತಾನೇ ಹೆಣೆದು ಕೊಟ್ಟಂತಾಗಿತ್ತು. ಒಂದೊಂದು ಸಾವಿಗೂ ಅವಳೊಬ್ಬಳೇ ಹತ್ತಿರ ಇದ್ದಳೆಂದು ಅವಳ ಬಾಯಿಂದಲೇ ಬಂದಿತ್ತು. ದೂರು ಕೊಟ್ಟವರು ಆಗ ಸುಮ್ಮನೆ ಕೂತಿದ್ದರೆ ಸಾಕಿತ್ತು.

ಆದರೆ ಚಾವಡಿಯಲ್ಲಿ ನೆಂಟರಿದ್ದರು. ಬೀಗರಿದ್ದರು. ತಿಥಿಯ ಊಟ ಉಂಡವರೆಲ್ಲ ಇದ್ದರು. ಅವರ ತಲೆಗಳು ಒಂದೊಂದಾಗಿ ಬಟ್ಟೆ ವ್ಯಾಪಾರಿಯ ಕಡೆಗೆ ತಿರುಗಿದವು. "ಏನು ಭಾವ, ತೊಡೆಯ ಮೇಲೆ ಅಂದಿದ್ದಿರಲ್ಲ?" ಎಂದು ಹಿಂದಿನಿಂದ ಒಂದು ದನಿ ಬಂತು.

ವ್ಯಾಪಾರಿ ಧಡಕ್ಕನೆ ಎದ್ದು ನಿಂತ. "ಇವಳು ಹೇಳುವುದು ಸುಳ್ಳು! ನಮ್ಮಪ್ಪ ನನ್ನ ತೊಡೆಯ ಮೇಲೆಯೇ ಪ್ರಾಣ ಬಿಟ್ಟದ್ದು. ನನ್ನ ಕೈಯಾರೆ ನೀರು ಬಿಟ್ಟಿದ್ದೇನೆ."

ನ್ಯಾಯಾಧಿಕಾರಿ ಮೂಗು ಒರೆಸಿಕೊಂಡ. "ಆಣೆ ಮಾಡುತ್ತೀರಾ?"

"ಆಣೆ! ಆ ನೀರನ್ನು ಬಾವಿಯಿಂದ ನಾನೇ ಸೇದಿ ತಂದಿದ್ದೆ."

"ಇವಳು?"

"ಇವಳು ಹತ್ತಿರ ಸುಳಿಯಲೂ ಇಲ್ಲ."

ತಾನು ಏನು ಹೇಳಿದೆನೆಂದು ವ್ಯಾಪಾರಿಗೆ ಕೂತ ಮೇಲೆ ಹೊಳೆಯಿತು. ಆದರೆ ಅಷ್ಟರಲ್ಲಿ ಆಣೆ ಆಗಿತ್ತು.

ನ್ಯಾಯಾಧಿಕಾರಿ ಮುಂದಿನವನನ್ನು ಎಬ್ಬಿಸಿದ. ಅವನು ಬುದ್ಧಿವಂತ. ಈ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ಅವನಿಗೆ ತಿಳಿದಿತ್ತು. ಅವನು ಒಮ್ಮೆ ದಾದಿಯನ್ನು ನೋಡಿದ, ಒಮ್ಮೆ ತನ್ನ ಬೀಗರನ್ನು ನೋಡಿದ. ಆಮೇಲೆ, ತಾನೂ ಕೈಯಾರೆ ನೀರು ಬಿಟ್ಟೆನೆಂದ. ಮೂರನೆಯವನು ತನ್ನ ನೀರಿಗೆ ತುಳಸಿಯನ್ನೂ ಹಾಕಿದ. ಕೊನೆಯವನು ಕಾಶಿಯಿಂದ ತಂದಿಟ್ಟಿದ್ದ ಗಂಗೆಯನ್ನೇ ಬಿಟ್ಟಿದ್ದ. ತಂದೆಯನ್ನು ಒಂಟಿಯಾಗಿ ಬಿಟ್ಟುಹೋದ ಮಗ ಆ ಊರಿನಲ್ಲಿ ಒಬ್ಬನೂ ಸಿಗಲಿಲ್ಲ.

"ಹಾಗಾದರೆ ಈ ಹೆಂಗಸು ಯಾರ ಸಾವಿನಲ್ಲಿ ಹತ್ತಿರ ಇದ್ದಳು?" ಎಂದು ನ್ಯಾಯಾಧಿಕಾರಿ ಸಭೆಯನ್ನು ಕೇಳಿದ.

ಉತ್ತರ ಕೊಟ್ಟವಳು ದಾದಿ.

"ಸ್ವಾಮಿ, ಇದು ಅನ್ಯಾಯ. ಇವರೆಲ್ಲ ಬಾಯಿಗೆ ಬಂದ ಹಾಗೆ ಸುಳ್ಳು ಹೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ನೀರು ಬಿಟ್ಟವಳು ನಾನು!"

"ಸುಮ್ಮನಿರು ತಾಯಿ" ಎಂದ ನ್ಯಾಯಾಧಿಕಾರಿ. "ನೀನು ಹೇಳುವುದನ್ನು ನಂಬಿದರೆ ನಿನ್ನನ್ನು ಗಲ್ಲಿಗೇರಿಸಬೇಕಾಗುತ್ತದೆ."

ದಾದಿ ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು. ಅವಳು ಒಂದು ಮಾತನ್ನು ಆಡದೆ ನುಂಗಿದ್ದನ್ನು ಊರಿನವರು ನೋಡಿದ್ದು ಅದೇ ಮೊದಲು.

ದಾದಿಯನ್ನು ಬಿಟ್ಟರು. ಊರಿಗೆ ಮತ್ತೆ ನಿರಾಳವಾಯಿತು, ಈ ಸಲ ಹಿಂದಿಗಿಂತ ಹೆಚ್ಚಾಗಿ. ಅವಳ ಜೀವ ಉಳಿಯಿತು. ಮಕ್ಕಳ ಮರ್ಯಾದೆ ಉಳಿಯಿತು. ಅವರು ಕೈಯಾರೆ ನೀರು ಬಿಟ್ಟದ್ದು ಈಗ ಬರಿಯ ತಿಥಿಯ ಮಾತಾಗಿರದೆ ನ್ಯಾಯಾಲಯವೇ ಒಪ್ಪಿದ ಸಂಗತಿಯಾಗಿತ್ತು. ಅವಳು ನಿರಪರಾಧಿಯೆಂದು ತನಗೆ ಮೊದಲೇ ಗೊತ್ತಿತ್ತು ಎಂದು ಪ್ರತಿಯೊಬ್ಬನೂ ಹೇಳಿದ. ಗಲ್ಲಿಗೇರಿಸಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದವನು ಆ ಸಂಜೆಯೇ ಹಲ್ಲುನೋವೆಂದು ಆಸ್ಪತ್ರೆಗೆ ಬಂದ. ದಾದಿ ಅವನ ಬಾಯಿಯೊಳಗೆ ನೋಡಿ, "ಇಷ್ಟು ಕೂಗಿದರೆ ಇನ್ನೇನಾಗುತ್ತದೆ" ಎಂದು ಲವಂಗ ಕೊಟ್ಟಳು.

ನಿರಾಳವಾಗದವನು ಬಟ್ಟೆ ವ್ಯಾಪಾರಿ ಒಬ್ಬನೇ. ವಿಷದ ಮಾತು ಸುಳ್ಳಾಗಿತ್ತು. ಅದನ್ನು ಸುಳ್ಳು ಮಾಡಿದವನು ಅವನೇ. ಹಳೆಯ ಯೋಚನೆ ಹಿಂತಿರುಗಿ ಬಂದು ಎದೆಯ ಮೇಲೆ ಕೂತಿತು.

ಕೆಲವು ತಿಂಗಳ ಮೇಲೆ ವ್ಯಾಪಾರಿಯ ತಾಯಿ ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದಳು. ಒಂದು ಮಧ್ಯಾಹ್ನ ಅವಳ ಉಸಿರು ಬದಲಾಯಿತು. ವ್ಯಾಪಾರಿ ಎದ್ದು ಬಾಗಿಲಿಗೆ ಬಂದ.

"ಅಕ್ಕಾ, ಸ್ವಲ್ಪ ಒಳಗೆ ಕೂತಿರು. ಈಗ ಬಂದೆ."

"ನಾನು ಹತ್ತಿರ ಸುಳಿಯುವವಳಲ್ಲವಲ್ಲ ಸಾಹುಕಾರರೇ" ಎಂದಳು ದಾದಿ. "ಚಾವಡಿಯಲ್ಲಿ ಆಣೆ ಮಾಡಿ ಹೇಳಿದ್ದೀರಿ. ನೀವೇ ನೀರು ಬಿಡಿ. ನಿಮಗೆ ಅಭ್ಯಾಸವಿದೆ."

"ಅಕ್ಕಾ, ಕೈ ಮುಗಿಯುತ್ತೇನೆ. ನನಗೆ ಭಯವಾಗುತ್ತದೆ."

ದಾದಿ ಲೋಟಕ್ಕೆ ನೀರು ಹಾಕಿ, ಒಂದು ಚಮಚ ಇಟ್ಟು, ಅವನ ಕೈಗೆ ಕೊಟ್ಟಳು. "ಭಯಪಟ್ಟುಕೊಂಡೇ ಕೂತಿರಿ. ಯಾರೂ ಏನೂ ಅನ್ನುವುದಿಲ್ಲ. ನಾನು ಬಾಗಿಲಲ್ಲೇ ಇರುತ್ತೇನೆ."

ವ್ಯಾಪಾರಿ ಒಳಗೆ ಹೋಗಿ ಕೂತ. ಮೊದಲ ಚಮಚ ತಾಯಿಯ ಕೊರಳಿಗೆ ಚೆಲ್ಲಿತು. ಎರಡನೆಯದು ಬಾಯಿಗೆ ಹೋಯಿತು. ತಾಯಿ ಕಣ್ಣು ತೆರೆದು, "ಕಾಲ ಮೇಲಿನ ಹೊದಿಕೆ ತೆಗೆಯೋ, ಸೆಖೆ" ಎಂದಳು. ಅವನು ತೆಗೆದ. ತಾಯಿ ಮತ್ತೆ ಕಣ್ಣು ಮುಚ್ಚಿದಳು. ಉಸಿರು ಬಂತು, ಹೋಯಿತು. ಬಂತು, ಹೋಯಿತು. ಅವನು ಮುಂದಿನ ಉಸಿರಿಗಾಗಿ ಕಾದ. ಅದು ಬರಲಿಲ್ಲ. ಹೊರಗೆ ಯಾರೋ ಕೊಡ ಇಳಿಸಿದ ಸದ್ದು ಕೇಳಿಸಿತು.

ಅವನು ಬಹಳ ಹೊತ್ತು ಅಲ್ಲೇ ಕೂತಿದ್ದು ಎದ್ದು ಬಂದ. ಅವನ ಮುಖದಲ್ಲಿ ಭಯವಿರಲಿಲ್ಲ, ಆಶ್ಚರ್ಯವಿತ್ತು.

"ಅಕ್ಕಾ, ಇಷ್ಟೇನಾ?"

"ಇಷ್ಟೇ."

"ನಮ್ಮಪ್ಪನದೂ ಹೀಗೇನಾ?"

"ಹೀಗೇ. ಅವರು ಹೊದಿಕೆ ಹೊದಿಸು ಎಂದರು."

ವ್ಯಾಪಾರಿ ಜಗಲಿಯ ಮೇಲೆ ಕುಸಿದು ಕೂತ. ಇಷ್ಟು ದಿನ ಕೇಳದೆ ಇದ್ದದ್ದನ್ನು ಆಗ ಕೇಳಿದ.

"ಅಪ್ಪ ನನ್ನನ್ನು ಕರೆದರೇ?"

ದಾದಿ ಸೆರಗಿನಿಂದ ಕೈ ಒರೆಸಿಕೊಂಡಳು. ಎರಡು ಕೈಯನ್ನೂ ಒರೆಸಿಕೊಂಡಳು.

"ಇಲ್ಲ" ಎಂದಳು.

ವ್ಯಾಪಾರಿ ಗಟ್ಟಿಯಾಗಿ ಅತ್ತ. ತಾಯಿಗಾಗಿ ಅತ್ತ, ತಂದೆಗಾಗಿಯೂ ಅತ್ತ. ಅತ್ತು ಮುಗಿದ ಮೇಲೆ, ಎದೆಯ ಮೇಲೆ ಕೂತಿದ್ದದ್ದು ಇಳಿದುಹೋದದ್ದು ಅವನಿಗೆ ತಿಳಿಯಿತು. ತಿಥಿಯ ದಿನ ಅವನು ದಾದಿಯನ್ನು ಊಟಕ್ಕೆ ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿದ. ಹೇಗೆ ಹೋದರು ಎಂದು ನೆಂಟರು ಕೇಳಿದಾಗ, "ಸೆಖೆ ಎಂದರು, ಹೋದರು" ಎಂದಷ್ಟೇ ಹೇಳಿದ. ಅದು ನೆಂಟರಿಗೆ ಅಷ್ಟು ರುಚಿಸಲಿಲ್ಲ. ದಾದಿ ಮಾತ್ರ ಎರಡು ಸಲ ಪಾಯಸ ಹಾಕಿಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಉಸಿರು ಬಿಟ್ಟ. "ಸದ್ಯ, ಅವಳ ಜೀವ ಉಳಿಯಿತು. ಅವನ ಮನಸ್ಸೂ ಹಗುರವಾಯಿತು." ಆಮೇಲೆ, "ಆದರೆ ಗುರುಗಳೇ, ಆ ತಂದೆ ನಿಜವಾಗಿಯೂ ಮಗನನ್ನು ಕರೆದಿರಲಿಲ್ಲವೇ?" ಎಂದು ಕೇಳಿದ.

"ಅದು ತಿಳಿಯಬೇಕಿದ್ದರೆ ನೀನು ಆ ಕೋಣೆಯೊಳಗೆ ಇರಬೇಕಾಗಿತ್ತು" ಎಂದರು ಗುರುಗಳು.