ಜಗಲಿಯ ಮೇಲಿನ ನೆಲ

"ಗುರುಗಳೇ, ಬೇರೆ ದೇಶಗಳ ಆಡಳಿತ ನಮ್ಮದಕ್ಕಿಂತ ಚೆನ್ನಾಗಿದೆ ಅಂತಾರೆ. ಅವರ ಪದ್ಧತಿಯನ್ನೇ ಇಲ್ಲಿಗೆ ತಂದರೆ ನಮ್ಮ ದೇಶವೂ ಹಾಗೇ ಆಗುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ರಾಜನಿಗೂ ಇದೇ ಯೋಚನೆ ಬಂತು. ನಾಲ್ಕು ದೇಶ ನೋಡಿಕೊಂಡು ಬಾ ಎಂದು ಮಂತ್ರಿಯನ್ನು ಕಳಿಸಿದ. ಮಂತ್ರಿ ಸುತ್ತಾಡಿ, ಸ್ವಲ್ಪ ದಪ್ಪಗಾಗಿ ಬಂದ.

"ಪ್ರಭು, ಒಂದು ದೇಶದಲ್ಲಿ ಜನ ರಾಜನಿಗೆ ಹೆದರುವುದಿಲ್ಲ. ಆದರೂ ದೇಶ ನಡೆಯುತ್ತಿದೆ. ಅಲ್ಲಿ ದೂರು ಕೇಳುವ ದಿನ ರಾಜ ನೆಲದ ಮೇಲೆ ಕೂರುತ್ತಾನೆ. ದೂರು ತಂದವರು ಪೀಠದ ಮೇಲೆ ಕೂರುತ್ತಾರೆ," ಎಂದ.

ರಾಜ ಒಪ್ಪಿದ. ಆದರೆ ರಾಜನ ತಲೆ ಪ್ರಜೆಯ ತಲೆಗಿಂತ ಕೆಳಗಿರುವುದು ಹೇಗೆ ಎಂದು ಆಸ್ಥಾನದವರಿಗೆ ಚಿಂತೆಯಾಯಿತು. ಮಂತ್ರಿಯೇ ಉಪಾಯ ಹುಡುಕಿದ. ಸಿಂಹಾಸನ ತೆಗೆಸಿ, ಅದು ಇದ್ದ ಎತ್ತರದ ಜಗಲಿಯ ಮೇಲೆ ಎರಡು ಗಾಡಿ ಮಣ್ಣು ಹರಡಿಸಿದ. ರಾಜ ಹೋಗಿ ಆ ನೆಲದ ಮೇಲೆ ಕೂತ. ಕೆಳಗೆ ಅಂಗಳದಲ್ಲಿ ಪೀಠ ಹಾಕಿದರು. ಪದ್ಧತಿ ಒಂದಿಷ್ಟೂ ತಪ್ಪಿರಲಿಲ್ಲ. ಮಣ್ಣು ಹಸಿಯಾಗಿದ್ದರಿಂದ ರಾಜನಿಗೆ ನೆಗಡಿಯಾಯಿತು. ಆಸ್ಥಾನದವರು ಅದನ್ನು ತ್ಯಾಗ ಎಂದರು.

ದೂರು ಹಿಡಿದು ಮೊದಲು ಬಂದವಳು ಎಮ್ಮೆ ಸಾಕುವ ಒಬ್ಬ ಹೆಂಗಸು. ಅರಮನೆಯ ತೋಟಕ್ಕೆಂದು ಕೆರೆಯ ದಾರಿಗೆ ಬೇಲಿ ಹಾಕಿದ್ದರು. ಅವಳ ಎಮ್ಮೆಗಳಿಗೆ ನೀರಿರಲಿಲ್ಲ. ಒಂದು ಆಗಲೇ ಸತ್ತಿತ್ತು.

ಅವಳು ಪೀಠವನ್ನು ನೋಡಿದಳು. ಕತ್ತೆತ್ತಿ ರಾಜನನ್ನು ನೋಡಿದಳು. ಪೀಠವನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದಳು. ರಾಜನ ಪಕ್ಕದಲ್ಲೇ ಇಟ್ಟು ಕೂತಳು.

ಭಟರು ಕತ್ತಿ ಹಿರಿದರು.

"ಏನಮ್ಮಾ, ಅದು ಇರಬೇಕಾದ್ದು ಕೆಳಗೆ!" ಎಂದು ಮಂತ್ರಿ ಕೂಗಿದ.

"ಹೌದಾ ಸ್ವಾಮಿ? ನೀವು ನೋಡಿಬಂದ ದೇಶದಲ್ಲೂ ಅಂಗಳದಲ್ಲೇ ಹಾಕ್ತಾರಾ?"

ಮಂತ್ರಿಗಿಂತ ಮೊದಲು ರಾಜನೇ ಮಾತಾಡಿದ. "ನಿನ್ನ ತಲೆ ತೆಗೆಸಬಲ್ಲೆ, ಗೊತ್ತೇನು?"

"ಗೊತ್ತು ದೊರೆ. ಅಷ್ಟು ದೂರದಿಂದ ನಿಮಗೆ ಸರಿಯಾಗಿ ಕಾಣಲ್ಲ ಅಂತ ಹತ್ತಿರಕ್ಕೇ ತಂದಿದ್ದೀನಿ. ತೆಗೆಸೋದಾದ್ರೆ ಈಗಲೇ ತೆಗೆಸಿ. ಇಲ್ಲ ಅಂದ್ರೆ ಹೋಗ್ತಾ ಆ ಬೇಲಿ ನಾನೇ ಕಿತ್ತು ಹೋಗ್ತೀನಿ. ಎಮ್ಮೆಗಳು ಕಾಯ್ತಾ ಇವೆ."

ರಾಜ ಏನೋ ಹೇಳಲು ಬಾಯಿ ತೆರೆದ. ಸೀನು ಬಂತು. ಸೀನನ್ನು ಅಪ್ಪಣೆ ಎಂದುಕೊಳ್ಳಬೇಕೋ ಬೇಡವೋ ಭಟರಿಗೆ ತಿಳಿಯಲಿಲ್ಲ. ಅವರು ಮಂತ್ರಿಯ ಮುಖ ನೋಡುವಷ್ಟರಲ್ಲಿ ಅವಳು ಇಳಿದು ಹೊರಟಿದ್ದಳು. ಅಂಗಳದಲ್ಲಿ ದೂರು ಹಿಡಿದು ನಿಂತಿದ್ದವರೂ ಅವಳ ಹಿಂದೆ ಹೋದರು. ಸಂಜೆಗೆ ಎಮ್ಮೆಗಳು ಕೆರೆಯೊಳಗೆ ಮಲಗಿದ್ದವು.

ಗುರು ಕಥೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅದು ಹೇಗೆ ಗುರುಗಳೇ? ರಾಜನ ಅಪ್ಪಣೆಯಿಲ್ಲದೆ ಅರಮನೆಯ ಬೇಲಿ ಕೀಳುವುದು ಆ ದೇಶದಲ್ಲಿ ಅಪರಾಧವಲ್ಲವೇ?"

"ಅಪರಾಧವೇ," ಎಂದರು ಗುರು. "ಆದರೆ ಅವಳು ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಬೇರೆ ದೇಶವಾಗಿತ್ತು."