ಮೌನೇಶನ ಬ್ಯಾಸಗಿ ಇಂಗ್ಲಿಷ್

ನಗೋರು ಆಮ್ಯಾಲ ನಗ್ರಿ, ಮೊದಲು ಕೇಳ್ರಿ. ಹೊಳಿ ದಂಡಿ ಊರಾಗ ಹುಲಿಗೆಮ್ಮ ಅಂತ ಒಬ್ಬಾಕಿ. ಆಕಿಗೆ ಮೌನೇಶ ಅಂತ ಒಬ್ಬನೇ ಮಗ. ಹೇಳಿದ್ದನ್ನ ಹೇಳಿದಂಗ ಮಾಡೋ ಪೆದ್ದ, ಆಕಿಗೆ ಸಾಕು ಸಾಕಾಗಿತ್ತು. ಆದ್ರ ಇಂಗ್ಲಿಷ್ ಒಂದು ಹೆಂಗೋ ಅವನ ತಲಿಗೆ ಹತ್ತಿತ್ತು. "ಊರಾಗ ಇನ್ಯಾರ ಮಗ ಇಂಗ್ಲಿಷ್ ಮಾತಾಡ್ತಾನ, ತೋರಸ್ರಿ" ಅಂತ ನಳದ ಹತ್ರ ಎದಿ ಸೆಟಿಸಿ ಕೇಳಾಕಿ. ಆ ಇಂಗ್ಲಿಷಿನ ಮ್ಯಾಲೇ, ಪರದೇಶದ ಮಂದಿ ಬಂದು ಇಳಿಯೋ ಪಂಪನಗೌಡರ ಲಾಡ್ಜಿನ್ಯಾಗ ಅವನಿಗೆ ಕೆಲಸ. ಅದು ಹೋದ್ರ ಹುಲಿಗೆಮ್ಮ ಊರಾಗ ತಲಿ ಎತ್ತಂಗಿಲ್ಲ.

ಬ್ಯಾಸಗಿ ಬಂತು. ಒಬ್ಬಾಕಿ ಬಿಳಿ ಅಮ್ಮ ಕುರ್ಚ್ಯಾಗ ಕುಂತು ಬೆವರು ಒರಿಸಿಕೊಂತ "ಐ ಆಮ್ ಮೆಲ್ಟಿಂಗ್" ಅಂದಳು. ಮೌನೇಶಗ ತಿಳೀತು, ಈಕಿ ಕರಗಾಕತ್ಯಾಳ. ಓಡಿಹೋಗಿ ಬೋಗಾಣಿ ತಂದು ಕುರ್ಚಿ ಕೆಳಗಿಟ್ಟ. ಒಂದು ಹನಿ ನೆಲಕ್ಕ ಬೀಳಬಾರದಂತ ಅಲ್ಲೇ ಕುಕ್ಕರಗಾಲಿಲೆ ಕುಂತ. ಗೌಡ್ರು ಬೈದು ಕಳಿಸಿದ್ರು.

ಹುಲಿಗೆಮ್ಮ ಹಣಿ ಬಡಕೊಂಡಳು. "ಖಾಲಿ ಬೋಗಾಣಿ ಯಾಕಿಟ್ಟೆಪ್ಪಾ? ಸೆಕಿ ಅಂದ್ರ ತಣ್ಣೀರು ತುಂಬಿ ಒಯ್ಯಬೇಕು."

"ಹೂನವ್ವ," ಅಂದ.

ಮರುದಿನ ಒಬ್ಬ ಮುದುಕ ದೊರಿ ಪುಸ್ತಕ ಓದಿಕೊಂತ "ಐ ಆಮ್ ರೋಸ್ಟಿಂಗ್" ಅಂದ. ಹುರಿದುಹೋಗಾಕತ್ಯಾನ ಮನುಷ್ಯಾ. ಅವ್ವ ಹೇಳಿದಂಗ ಬೋಗಾಣಿ ತುಂಬ ತಣ್ಣೀರು ತಂದ, ನೆತ್ತಿಮ್ಯಾಲ ಸುರಿದ. ದೊರಿನೂ ತೊಯ್ದ, ಪುಸ್ತಕಾನೂ ತೊಯ್ತು. "ಇನ್ನೊಮ್ಮಿ ಹಿಂಗಾದ್ರ ಕೆಲಸ ಬಿಟ್ಟು ಮನಿಗೆ ನಡಿ" ಅಂದ್ರು ಗೌಡ್ರು.

ಹುಲಿಗೆಮ್ಮ ಮಗನ ಕೈ ಹಿಡಿದಳು. "ನನ್ನ ಮಾನ ಕಳೀಬ್ಯಾಡೋ ಮಗನ. ಒಬ್ಬನೇ ಏನೂ ಮಾಡಬ್ಯಾಡ. ನಾಕು ಮಂದಿನ್ನ ಕರಿ. ಪದ್ಧತಿ ಏನೈತಿ, ಅವರು ಮಾಡ್ತಾರ."

"ಹೂನವ್ವ."

ಅದರ ಮರುದಿನ ನಡು ಮಧ್ಯಾಹ್ನ ಒಬ್ಬಾಕಿ ಹುಡುಗಿ ಗುಡ್ಡ ಸುತ್ತಿ ಬಂದು ಲಾಡ್ಜಿನ ಮೆಟ್ಟಲ ಮ್ಯಾಲ ದೊಪ್ಪಂತ ಕುಂತಳು. "ಐ ಆಮ್ ಡೈಯಿಂಗ್ ಇನ್ ದಿಸ್ ಹೀಟ್" ಅಂದಳು. ಸಾಯಾಕತ್ಯಾಳಂತ. ಮೌನೇಶ ಬೋಗಾಣಿ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಊರಿಗೆ ಓಡಿ ನಾಕು ಮಂದಿನ್ನ ಕರೆದ. ಪದ್ಧತಿ ಬಲ್ಲ ಮಂದಿ ಅವರು. ಬಿದಿರು ಕಡಿದು ಚಟ್ಟ ಕಟ್ಟಿದ್ರು, ಹಲಗಿ ಬಾರಿಸಿಕೊಂತ ಹೊಂಟ್ರು. ನನ್ನ ಮಗನ ಮಾತಿಗೆ ಊರೇ ಎದ್ದು ಬಂತಲ್ಲ ಅಂತ ಹುಲಿಗೆಮ್ಮ ಎಲ್ಲಾರ ಮುಂದ ಹಾಡಿ ಅಳಕೊಂತ ಬಂದಳು.

ಬಂದು ನೋಡಿದ್ರ ಹುಡುಗಿ ಎಳನೀರು ಕುಡ್ಯಾಕತ್ಯಾಳ.

ಗೌಡ್ರು ಕೆಂಡಾಮಂಡಲ ಆದ್ರು. "ಮುಗೀತು. ನಾಳಿಂದ ಇವ ಇಲ್ಲಿಗೆ ಬರೋದು ಬ್ಯಾಡ."

ಹುಲಿಗೆಮ್ಮ ಸೆರಗು ಸಿಗಿಸಿ ನಿಂತಳು. "ತಡೀರಿ ಗೌಡ್ರ. ಲೇ ಮೌನೇಶ, ಆಕಿನ್ನ ಕೇಳು. ಸಾಯ್ತೀನಿ ಅಂದಾಳೋ ಇಲ್ಲೋ?"

ಮೌನೇಶ ಕೇಳಿದ. ಹುಡುಗಿ ಚಟ್ಟ ನೋಡಿಕೊಂತ, ಹೌದು ಅಂದಿದ್ದೆ ಅಂತ ತಲಿ ಹಾಕಿದಳು.

"ನೋಡಿದ್ರ್ಯಾ? ಮಾತಿಗೆ ತಪ್ಪಿದಾಕಿ ಆಕಿ. ನನ್ನ ಮಗನ ಇಂಗ್ಲಿಷಿನ್ಯಾಗ ಒಂದಕ್ಷರ ತಪ್ಪಿಲ್ಲ."

ಕರೆದ ಮಂದಿ ಬಿಸಲಾಗ ನಿಂತಾರಲ್ಲ ಅಂತ ಮೌನೇಶಗ ಕೆಟ್ಟನಿಸಿತು. ಹುಡುಗಿ ಮುಂದ ಹೋಗಿ ಕೈಮುಗಿದು, ಯಾವಾಗ ಸಾಯ್ತೀರಿ ಅಂತ ಮೆತ್ತಗ ಕೇಳಿದ.

"ವೆನ್, ಮೇಡಂ?"

ಹುಲಿಗೆಮ್ಮ ಬಾಜೂಕಿನಾಕಿನ್ನ ಮೊಳಕೈಲೆ ತಿವಿದಳು. "ಕೇಳಿದೇನ? ಅದನ್ನೂ ಇಂಗ್ಲಿಷಿನ್ಯಾಗ ಕೇಳಿದ, ನನ್ನ ಮಗ."