ಮೇಷ್ಟ್ರ ಡೆಮು ರೈಲು

ಮೈಸೂರಿನಲ್ಲಿ ನಿರಂಜನಮೂರ್ತಿ ಎಂಬ ಭೌತಶಾಸ್ತ್ರದ ಮೇಷ್ಟ್ರಿದ್ದರು. ಕಾಲೇಜಿನಿಂದ ನಿವೃತ್ತರಾದ ಮೇಲೆ ಊಟದ ಮೇಜಿನ ಉದ್ದಕ್ಕೂ ಹಳಿ ಹಾಸಿ ಪುಟಾಣಿ ರೈಲು ಓಡಿಸುವುದೇ ಅವರ ಕಸುಬಾಯಿತು. ಊಟವೇ? ಅದು ಅಡುಗೆಮನೆಯ ಕಟ್ಟೆಯ ಮೇಲೆ.

ಅವರ ಅಕ್ಕ ವಿಶಾಲಾಕ್ಷಮ್ಮ ಪ್ರೈಮರಿ ಶಾಲೆಯ ಟೀಚರಾಗಿದ್ದವರು. ಹನ್ನೆರಡು ವರ್ಷ ದಿನಾ ಡೆಮು ರೈಲಿನಲ್ಲೇ ಶಾಲೆಗೆ ಹೋಗಿಬಂದವರು. ಡೆಮು ಗೊತ್ತಲ್ಲ? ಅದಕ್ಕೆ ಬೇರೆ ಎಂಜಿನ್ ಇರುವುದಿಲ್ಲ. ಡೀಸೆಲ್ ಯಂತ್ರ ಬೋಗಿಯಲ್ಲೇ ಇರುತ್ತದೆ. ಡ್ರೈವರ್ ಕೋಣೆ ಎರಡು ತುದಿಗೂ ಒಂದೊಂದು.

"ನಮ್ಮ ಗಾಡಿ ನಿನ್ನ ಮೇಜಿನ ಮೇಲೆ ಓಡೋದನ್ನ ನೋಡಬೇಕು ಕಣೋ. ಕಣ್ಣು ನೆಟ್ಟಗಿರುವಾಗಲೇ ತೋರಿಸಿಬಿಡು" ಎಂದಿದ್ದರು ಅಕ್ಕ.

ಹುಡುಕಿದರೆ ಯಾವ ಅಂಗಡಿಯಲ್ಲೂ ಪುಟಾಣಿ ಡೆಮು ಇಲ್ಲ. ಮೇಷ್ಟ್ರು ತಾವು ಜೋಪಾನ ಮಾಡಿದ್ದ ಮೂರು ಸಿದ್ಧ ಬೋಗಿಗಳನ್ನು ಎತ್ತಿಕೊಂಡರು. ಎರಡರ ತುದಿ ಕೊಯ್ದು ಡ್ರೈವರ್ ಕೋಣೆ ಮಾಡಿದರು. ಹಳೆಯ ಟೀ ಸೋಸುವ ಜಾಲರಿ ಯಂತ್ರದ ಕಿಂಡಿಯಾಯಿತು. ಬೆಂಕಿಕಡ್ಡಿಗೆ ಬಣ್ಣ ಬಳಿದರೆ ಡ್ರೈವರ್ ಸಿದ್ಧ. ಎರಡೂ ತುದಿಯ ಬೋಗಿಗಳ ಕೆಳಗೆ ಒಂದೊಂದು ಮೋಟರ್ ಕೂರಿಸಿದರು. ಮೋಟರಿಗೆ ಕರೆಂಟು ಎರಡು ಹಳಿಗಳಿಂದ, ಗಾಲಿಗಳ ಮೂಲಕ ಬರುತ್ತದೆ. ಕೊಯ್ದ ಬೋಗಿ ಮತ್ತೆ ಹಳೆಯ ಬೋಗಿಯಾಗುವುದಿಲ್ಲ. ಓಡಲಿಲ್ಲವೆಂದರೆ ಅದೂ ಇಲ್ಲ, ಇದೂ ಇಲ್ಲ.

ಆಗ ಮೇಷ್ಟ್ರಿಗೊಂದು ಯೋಚನೆ ಬಂತು. ಈ ಎರಡು ಬೋಗಿಗಳ ಮುಖ ಒಂದೊಂದು ದಿಕ್ಕಿಗಿದೆ. ಒಂದೇ ಥರ ವಯರ್ ಕೊಟ್ಟರೆ ಒಂದು ಆ ಕಡೆ, ಒಂದು ಈ ಕಡೆ ಎಳೆಯುವುದಿಲ್ಲವೇ? ಸರಿ, ಹಿಂದಿನ ಮೋಟರಿನ ಕೆಂಪು ವಯರನ್ನು ಕಪ್ಪಿನ ಜಾಗಕ್ಕೆ, ಕಪ್ಪನ್ನು ಕೆಂಪಿನ ಜಾಗಕ್ಕೆ ಬೆಸೆದರು. ಹಳಿಯ ಮೇಲಿಟ್ಟು ನೋಡಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ವಿಷಯ, ನೋಡುವುದೇನಿದೆ?

ಭಾನುವಾರ ಅಕ್ಕ ಬಂದರು. ಸಂಜೆ ಐದರ ಬಸ್ಸಿಗೆ ವಾಪಸು ಹೊರಡಬೇಕು. ಮೇಷ್ಟ್ರು ಸ್ವಿಚ್ ಒತ್ತಿದರು. ಗಾಡಿ ಗುಂಯ್ ಎಂದಿತು. ಕದಲಲಿಲ್ಲ.

"ಡ್ರೈವರ್ ಕಾಫಿಗೆ ಇಳಿದಿದ್ದಾನೇನೋ?"

"ತಮಾಷೆ ಬೇಡ ಅಕ್ಕ. ನನ್ನ ಲೆಕ್ಕ ಸರಿಯಾಗೇ ಇದೆ."

"ಗಾಡಿಗೆ ನಿನ್ನ ಲೆಕ್ಕ ಓದೋಕೆ ಬರತ್ತಾ? ನನ್ನ ಕ್ಲಾಸಲ್ಲಿ ಇಬ್ಬರು ಜಗಳ ಆಡಿದರೆ ಬೇರೆ ಬೇರೆ ಕರೆದು ಕೇಳ್ತಿದ್ದೆ. ಇವನ್ನೂ ಬಿಡಿಸಿ ಕೇಳು."

ಮೇಷ್ಟ್ರು ಒಲ್ಲದ ಮನಸ್ಸಿನಿಂದ ಕೊಂಡಿ ಕಳಚಿದರು. ಮುಂದಿನ ಬೋಗಿಯೊಂದನ್ನೇ ಬಿಟ್ಟರು. ಅದು ಕಿಟಕಿಯ ಕಡೆ ಓಡಿತು. ಹಿಂದಿನದನ್ನು ಬಿಟ್ಟರು. ಅದು ಅಡುಗೆಮನೆಯ ಕಡೆ ಓಡಿತು.

"ಮುಖ ತಿರುಗಿಸಿ ಇಡು, ನೋಡೋಣ" ಎಂದರು ಅಕ್ಕ.

ತಿರುಗಿಸಿಟ್ಟರು. ಆಗಲೂ ಅಡುಗೆಮನೆಯ ಕಡೆಗೇ! ಮತ್ತೆ ತಿರುಗಿಸಿದರು. ಮತ್ತೆ ಅತ್ತಲೇ. ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಹಳಿಯ ಮಟ್ಟಕ್ಕೆ ಬಗ್ಗಿ ಕೂತರು.

"ಅಕ್ಕ, ಬೋಗಿ ತಿರುಗಿಸಿಟ್ಟರೆ ಆ ಹಳಿ ಮೇಲಿದ್ದ ಗಾಲಿ ಈ ಹಳಿಗೆ ಬರತ್ತೆ. ಕರೆಂಟು ತಾನಾಗೇ ಅದಲುಬದಲಾಗತ್ತೆ. ನಾನು ಅದನ್ನ ಇನ್ನೊಂದು ಸಲ ಅದಲುಬದಲು ಮಾಡಿಬಿಟ್ಟಿದ್ದೀನಿ."

"ಸರಿಯಾಗಿದ್ದದ್ದನ್ನ ಸರಿ ಮಾಡಿದೆ ಅನ್ನು."

ಮೇಷ್ಟ್ರು ನಕ್ಕುಬಿಟ್ಟರು. ವಯರು ಬಿಚ್ಚಿ ಮೊದಲಿನಂತೆಯೇ ಬೆಸೆದು, ಮೂರು ಬೋಗಿಗಳನ್ನೂ ಕೂಡಿಸಿ ಸ್ವಿಚ್ ಒತ್ತಿದರು. ಗಾಡಿ ಮೆಲ್ಲಗೆ ಹೊರಟು ಮೇಜಿನ ಆ ತುದಿ ಮುಟ್ಟಿ ನಿಂತಿತು. ವಾಪಸು ಓಡಿಸಲು ಮೇಷ್ಟ್ರು ಸ್ವಿಚ್ಚಿನ ಕಡೆ ಕೈ ಚಾಚಿದರು.

"ತಾಳೋ" ಎಂದರು ಅಕ್ಕ. ತುರುಬಿನಿಂದ ಹೇರ್‌ಪಿನ್ ತೆಗೆದು, ಬೆಂಕಿಕಡ್ಡಿ ಡ್ರೈವರನನ್ನು ಈ ಕೋಣೆಯಿಂದ ಮೆತ್ತಗೆ ಎತ್ತಿ ಇನ್ನೊಂದು ತುದಿಯ ಕೋಣೆಯಲ್ಲಿ ನಿಲ್ಲಿಸಿದರು. "ನಮ್ಮ ಡ್ರೈವರ್ ಊಟದ ಚೀಲ ಹಿಡಕೊಂಡು ಹೀಗೇ ಆ ತುದಿಗೆ ನಡೆದು ಹೋಗ್ತಿದ್ದ. ಈಗ ಬಿಡು."

ಐದರ ಬಸ್ಸು ಅವತ್ತು ಅಕ್ಕನನ್ನು ಬಿಟ್ಟೇ ಹೋಯಿತು.

ನೀತಿ: ತಲೆಯೊಳಗೆ ಓಡಿದ ಗಾಡಿ ಹಳಿಯ ಮೇಲೂ ಓಡುತ್ತದೆಂದು ನಂಬಿ ಕೂರಬಾರದು. ಎಷ್ಟೇ ಓದಿದ್ದರೂ ಒಮ್ಮೆ ಇಟ್ಟು ನೋಡಬೇಕು. ಎಲ್ಲ ಸೇರಿ ನಿಂತುಹೋದಾಗ, ಒಂದೊಂದನ್ನೇ ಬಿಡಿಸಿ ಕೇಳಬೇಕು.